ಸೂರು ಹೊತ್ತ ಮರದ ಸೇತುವೆ: ಮನೆಯಲ್ಲೇ ಒಂದು ಮಾದರಿ ಕಟ್ಟುವ ಬಗೆ

ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಬಡಗಿಯಾಗಿದ್ದರು. ಮನೆಯ ಮುಂದಿನ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುವುದೂ ಅವರ ಪಾಲಿನ ಕೆಲಸವೇ ಆಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮರ ಮೆತ್ತಗಾಗಿ ಕಾಲಡಿ ಜಗ್ಗತೊಡಗುತ್ತಿತ್ತು. ಅಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇನ್ನು ಇದರ ಮೇಲೆ ಹೋಗಬೇಡಿ" ಎಂದು ಹೇಳಿ ಹೊಸ ಮರ ತರಲು ಹೊರಡುತ್ತಿದ್ದರು. ನೀರಿನ ಮೇಲೆ ಮಲಗಿದ ಮರಕ್ಕೆ ಆಯಸ್ಸು ಅಷ್ಟೇ ಎಂದು ನಾನು ನಂಬಿಕೊಂಡೇ ಬೆಳೆದೆ.

ಆ ನಂಬಿಕೆ ಮುರಿದದ್ದು ಅಮೆರಿಕದ ಕನೆಕ್ಟಿಕಟ್ ನದಿಯ ದಡದಲ್ಲಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರ್ನಿಶ್ ಊರಿಗೂ ವರ್ಮಾಂಟ್ ರಾಜ್ಯದ ವಿಂಡ್ಸರ್ ಊರಿಗೂ ನಡುವೆ ಸುಮಾರು 450 ಅಡಿ ಉದ್ದದ ಮರದ ಸೇತುವೆಯೊಂದಿದೆ. ಅದಕ್ಕೆ ಎರಡೇ ಕಣ್ಣು, ಅಂದರೆ ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಹಾಯುವ ಭಾಗ. ಒಂದೊಂದು ಕಣ್ಣೂ ಇನ್ನೂರು ಅಡಿ ಮೀರಿದ್ದು. 1866ರಲ್ಲಿ ಕಟ್ಟಿದ ಆ ಸೇತುವೆಯ ಒಳಗೆ ಇಂದಿಗೂ ಕಾರುಗಳು ಓಡುತ್ತವೆ. ಈ ದೇಶಕ್ಕೆ ಬಂದ ಮೊದಲ ವರ್ಷ, ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ, ನಾನು ಅದರ ಬಾಗಿಲಲ್ಲಿ ನಿಂತು ತೊಲೆಯೊಂದನ್ನು ಅಪ್ಪನಂತೆಯೇ ಹೆಬ್ಬೆರಳಿನಿಂದ ಒತ್ತಿದೆ. ಗಟ್ಟಿಯಾಗಿತ್ತು. ಒಣಗಿತ್ತು. ಬೆರಳಿಗೆ ಒಂದಿಷ್ಟು ಧೂಳು ಮಾತ್ರ ಹತ್ತಿತು.

ಅಂದಿನಿಂದ ಈ ಸೇತುವೆಗಳ ಹಿಂದೆ ಬಿದ್ದಿದ್ದೇನೆ. ಎಷ್ಟು ನೋಡಿದರೂ ಕಟ್ಟಿ ನೋಡದೆ ಇವು ಅರ್ಥವಾಗುವುದಿಲ್ಲ ಎಂಬುದು ನನ್ನ ಅನುಭವ. ಆದ್ದರಿಂದ ಮೇಜಿನ ಮೇಲೆ ಕೂರುವಷ್ಟು ದೊಡ್ಡ ಮಾದರಿಯೊಂದನ್ನು ಕಟ್ಟುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ಕರಗಸ ಹಿಡಿಯಲು ಬರುವ ಯಾರಾದರೂ ಇದನ್ನು ಮಾಡಬಹುದು. ಹನ್ನೆರಡು ವರ್ಷದ ಮಗಳ ಜೊತೆ ಸೇರಿ ನಾನು ನಾಲ್ಕು ಭಾನುವಾರಗಳಲ್ಲಿ ಮುಗಿಸಿದೆ.

ಕೆಲಸ ಹಿಡಿಯುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ಸೇತುವೆಗೆ ಸೂರು ಏಕೆ? ಮಳೆಯಲ್ಲಿ ನಡೆಯುವವರು ನೆನೆಯದಿರಲಿ ಎಂದು ಹಲವರು ಹೇಳುತ್ತಾರೆ. ದಾರಿಯ ಮೇಲೆ ಹಿಮ ಬೀಳದಿರಲಿ ಎಂದು ಇನ್ನು ಕೆಲವರು ಹೇಳುತ್ತಾರೆ. ನಿಜಸಂಗತಿ ಇದಕ್ಕೆ ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಚಕ್ರವಿಲ್ಲದ ಜಾರುಬಂಡಿಗಳು ಓಡಾಡುತ್ತಿದ್ದ ಕಾಲದಲ್ಲಿ, ಸೇತುವೆಯೊಳಗಿನ ಒಣ ಹಲಗೆಯ ಮೇಲೆ ಬಂಡಿ ಜಾರುತ್ತಿರಲಿಲ್ಲ. ಊರಿನವರು ಆಳಿಗೆ ಕೂಲಿ ಕೊಟ್ಟು, ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯೊಳಗೆ ಹರಡಿಸುತ್ತಿದ್ದರು! ಸೂರು ಇರುವುದು ಜನರಿಗಾಗಿ ಅಲ್ಲ, ದಾರಿಗಾಗಿಯೂ ಅಲ್ಲ. ಭಾರ ಹೊರುವ ಎರಡು ಪಕ್ಕದ ಮರದ ಚೌಕಟ್ಟುಗಳಿಗಾಗಿ. ಮರ ಒದ್ದೆಯಾಗುವುದರಿಂದಲೇ ಕೆಡುವುದಿಲ್ಲ. ಒಂದಕ್ಕೊಂದು ಕೂಡುವ ಸಂದುಗಳಲ್ಲಿ ನೀರು ನಿಂತು, ಒಣಗಲು ಗಾಳಿ ಸಿಗದೆ, ಅಲ್ಲಿ ಬೂಷ್ಟು ಹಿಡಿದು ಕೆಡುತ್ತದೆ. ಫಿಲಡೆಲ್ಫಿಯಾದಲ್ಲಿ ಶುಯ್ಕಿಲ್ ನದಿಗೆ ದೊಡ್ಡ ಮರದ ಸೇತುವೆ ಕಟ್ಟಿದ ಟಿಮೊತಿ ಪಾಮರ್, ಬಯಲಿಗೆ ಬಿಟ್ಟರೆ ಇಂಥ ಸೇತುವೆ ಹತ್ತು ಹನ್ನೆರಡು ವರ್ಷ ಬಾಳೀತು, ಮುಚ್ಚಿದರೆ ಮೂವತ್ತು ನಲವತ್ತು ವರ್ಷ ಬಾಳೀತು ಎಂದು ಲೆಕ್ಕ ಹಾಕಿದ್ದ. ಆ ಸೇತುವೆಗೆ 1805ರಲ್ಲಿ ಗೋಡೆಯನ್ನೂ ಚಾವಣಿಯನ್ನೂ ಹೊದಿಸಿದರು. ಅಮೆರಿಕದಲ್ಲಿ ಸೂರು ಹೊತ್ತ ಸೇತುವೆಗಳ ಕಾಲ ಶುರುವಾದದ್ದು ಅಲ್ಲಿಂದಲೇ. ಪಾಮರ್‌ನ ಎಣಿಕೆ ತೀರಾ ಅಳುಕಿನದಾಗಿತ್ತು ಎಂಬುದನ್ನು ಕಾರ್ನಿಶ್‌ನ ಸೇತುವೆ ತೋರಿಸಿಕೊಟ್ಟಿದೆ.

ಮಾದರಿಗೆ ನಾನು ಆರಿಸಿಕೊಂಡದ್ದು ಟೌನ್ ಜಾಲರಿ. ಕನೆಕ್ಟಿಕಟ್‌ನ ವಾಸ್ತುಶಿಲ್ಪಿ ಇಥಿಯಲ್ ಟೌನ್ 1820ರಲ್ಲಿ ಇದರ ಪೇಟೆಂಟ್ ಪಡೆದ. ಅದಕ್ಕೂ ಮೊದಲಿನ ಸೇತುವೆಗಳಿಗೆ ಭಾರಿ ತೊಲೆಗಳು ಬೇಕಿದ್ದವು, ಕಮಾನು ಬಗ್ಗಿಸಬೇಕಿತ್ತು, ಕುಸುರಿ ಕೂಡು ಕೊರೆಯುವ ನುರಿತ ಕೈಗಳು ಬೇಕಿದ್ದವು. ಟೌನ್ ಅದನ್ನೆಲ್ಲ ಬದಿಗೆ ಸರಿಸಿದ. ಒಂದೇ ಅಳತೆಯ ಹಲಗೆಗಳನ್ನು ಎಡಕ್ಕೂ ಬಲಕ್ಕೂ ಓರೆಯಾಗಿ ಹಾಯಿಸಿ, ಅವು ದಾಟುವ ಕಡೆಯಲ್ಲೆಲ್ಲ ಬೈರಿಗೆಯಿಂದ ತೂತು ಕೊರೆದು ಓಕ್ ಮರದ ಗೂಟ ಬಡಿದರೆ ಮುಗಿಯಿತು. ಮೂರು ಅಂಗುಲ ದಪ್ಪದ, ಹನ್ನೊಂದು ಹನ್ನೆರಡು ಅಂಗುಲ ಅಗಲದ ಹಲಗೆ; ಯಾವ ಹಳ್ಳಿಯ ಕೊಯ್ಯುವ ಮಿಲ್ಲಿನಲ್ಲೂ ಅದು ಸಿಗುತ್ತಿತ್ತು. ಮೈಲಿ ಲೆಕ್ಕದಲ್ಲಿ ಕಟ್ಟಿ ಗಜದ ಲೆಕ್ಕದಲ್ಲಿ ಕತ್ತರಿಸಿ ಕೊಡಬಹುದಾದ ಸೇತುವೆ ಎಂದು ಜನ ಇದನ್ನು ಕರೆದರು. ಬಳಸುವವರು ಟೌನ್‌ಗೆ ಅಡಿಗೆ ಒಂದು ಡಾಲರ್ ಕೊಡಬೇಕಿತ್ತು. ಕೇಳದೆ ಕಟ್ಟಿ ಸಿಕ್ಕಿಬಿದ್ದವರಿಗೆ ಎರಡು ಡಾಲರ್.

ಕಾರ್ನಿಶ್ ಸೇತುವೆಯೂ ಇದೇ ಜಾತಿಯದು. ಆ ಜಾಗದಲ್ಲಿ ಅದು ನಾಲ್ಕನೆಯದು. ಹಿಂದಿನ ಮೂರನ್ನೂ ನದಿಯೇ ಒಯ್ದಿತ್ತು. ಬೀಲಾ ಫ್ಲೆಚರ್ ಮತ್ತು ಜೇಮ್ಸ್ ಟಾಸ್ಕರ್ ಎಂಬ ಇಬ್ಬರು 9,000 ಡಾಲರಿಗೆ ಅದನ್ನು ಕಟ್ಟಿಕೊಟ್ಟರು. ಕಣ್ಣುಗಳು ಬಹಳ ಉದ್ದವಾದ್ದರಿಂದ ಹಲಗೆಯ ಬದಲು ಚೌಕ ತೊಲೆಗಳನ್ನೇ ಬಳಸಿ, ದಾಟುವಲ್ಲಿ ಕಚ್ಚು ಹೊಡೆದು ಒಂದರೊಳಗೊಂದು ಕೂರಿಸಿದ್ದಾರೆ. ಮಾದರಿಗೆ ಅಷ್ಟು ಬೇಡ. ನಾವು ಟೌನ್‌ನ ಸಾದಾ ಹಲಗೆ ಜಾಲರಿಯನ್ನೇ ಕಟ್ಟೋಣ.

ನನ್ನ ಮಾದರಿಯ ಅಳತೆ ಮೂವತ್ತಕ್ಕೆ ಒಂದು. ಸೇತುವೆಯ ಕಣ್ಣು 60 ಸೆಂಟಿಮೀಟರ್, ಅಂದರೆ ನಿಜದಲ್ಲಿ 18 ಮೀಟರ್. ಎರಡೂ ತುದಿ ಎರಡೆರಡು ಸೆಂಟಿಮೀಟರ್ ದಡಗಟ್ಟೆಯ ಮೇಲೆ ಕೂರಬೇಕಾದ್ದರಿಂದ ಜಾಲರಿಯ ಉದ್ದ 64. ಹಲಗೆಗಳಿಗೆ 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಪೈನ್ ಪಟ್ಟಿಗಳು ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಸಾಮಾನು ತುಂಬಿ ಬರುವ ಪೈನ್ ಪೆಟ್ಟಿಗೆಯ ಹಲಗೆಯನ್ನು ಸೀಳಿಸಿಕೊಳ್ಳಿ. ಗಂಟಿಲ್ಲದ, ನೇರ ನಾರಿನ ಮರವನ್ನೇ ಆರಿಸಿ. ಇದರಲ್ಲಿ ರಾಜಿ ಬೇಡ. ಗೂಟಗಳಿಗೆ ಬಿದಿರಿನ ಹಲ್ಲುಕಡ್ಡಿ ಸಾಕು. 2 ಮಿಲಿಮೀಟರಿನ ಡ್ರಿಲ್ ಬಿಟ್, ಸಣ್ಣ ಕೈ ಡ್ರಿಲ್, ತೆಳು ಹಲ್ಲಿನ ಕರಗಸ, ಮೂಲೆಮಟ್ಟ, ಸಣ್ಣ ಸುತ್ತಿಗೆ ಇಟ್ಟುಕೊಳ್ಳಿ. ಗೋಂದು ಜಾಲರಿಗೆ ಬೇಡವೇ ಬೇಡ. ಗೋಂದು ಹಚ್ಚಿದರೆ ಸೇತುವೆ ನಿಲ್ಲುವುದೇನೋ ನಿಜ, ಆದರೆ ಗೂಟಗಳು ಏನು ಮಾಡುತ್ತವೆ ಎಂಬುದು ನಿಮ್ಮ ಕೈಗೆ ತಿಳಿಯುವುದಿಲ್ಲ.

ಮೊದಲು ಒಂದು ಪ್ಲೈವುಡ್ ಹಲಗೆಯ ಮೇಲೆ ಪೂರ್ತಿ ನಕ್ಷೆಯನ್ನು ನಿಜ ಅಳತೆಯಲ್ಲೇ ಬರೆಯಿರಿ. 64 ಸೆಂಟಿಮೀಟರಿನ ಅಡ್ಡಗೆರೆ ಎಳೆದು, ಅದರಿಂದ 12 ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ. ಕೆಳಗೆರೆಯ ಮೇಲೆ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಗುರುತು ಹಾಕಿ, ಪ್ರತಿ ಗುರುತಿನಿಂದಲೂ 45 ಡಿಗ್ರಿಯಲ್ಲಿ ಬಲಕ್ಕೊಂದು ಎಡಕ್ಕೊಂದು ಓರೆಗೆರೆ ಎಳೆಯಿರಿ. ಎರಡು ಎರಡು ಸೆಂಟಿಮೀಟರ್ ಎತ್ತರಕ್ಕೆ ಗೆರೆಗಳು ಒಂದನ್ನೊಂದು ದಾಟುವುದು ಕಾಣುತ್ತದೆ. ಅವೇ ಗೂಟದ ಜಾಗಗಳು. ಒಂದು ಪಕ್ಕಕ್ಕೆ ಅವು ನೂರಕ್ಕೂ ಹೆಚ್ಚು. ಇಷ್ಟೊಂದು ಏಕೆ ಎಂದು ಮಗಳು ಕೇಳಿದಳು. ಸೇತುವೆಯ ಮೇಲೆ ಬಿದ್ದ ಭಾರ ಒಂದೇ ಕೂಡಿನ ಮೇಲೆ ಕೂರದೆ ಹತ್ತಾರು ಗೂಟಗಳಿಗೆ ಹಂಚಿಹೋಗಲಿ ಎಂದೇ ಇಷ್ಟು. ಒಂದು ಗೂಟ ಸಡಿಲವಾದರೂ ಪಕ್ಕದ ಗೂಟಗಳು ಅದರ ಪಾಲನ್ನು ಹೊರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಎರಡು ಅಡ್ಡಗೆರೆಗಳನ್ನು ನೇರವಾಗಿ ಎಳೆಯದೆ, ನಡುವೆ 6 ಮಿಲಿಮೀಟರ್ ಮೇಲೆ ಉಬ್ಬುವಂತೆ ಸಣ್ಣ ಬಿಲ್ಲಿನ ಆಕಾರದಲ್ಲಿ ಎಳೆಯಿರಿ. ಗೂಟಗಳು ತೂತಿನಲ್ಲಿ ಸರಿಯಾಗಿ ಕೂರುವಾಗ ಜಾಲರಿ ಸ್ವಲ್ಪ ಇಳಿದೇ ಇಳಿಯುತ್ತದೆ. ಮೊದಲೇ ಉಬ್ಬು ಕೊಟ್ಟರೆ ಇಳಿದ ಮೇಲೂ ಸೇತುವೆ ಹೊಟ್ಟೆ ಬಿಟ್ಟಂತೆ ಕಾಣುವುದಿಲ್ಲ. ಕಾರ್ನಿಶ್ ಸೇತುವೆಯಂಥ ಸೇತುವೆಯೂ ಒಂದು ಶತಮಾನ ಕಳೆಯುವಾಗ ಜಗ್ಗಿತ್ತು. 1987ರಲ್ಲಿ ಸಂಚಾರ ನಿಲ್ಲಿಸಿ, ಕೆಟ್ಟ ಮರ ತೆಗೆದು, ಪದರ ಪದರವಾಗಿ ಅಂಟಿಸಿದ ಗಟ್ಟಿ ತೊಲೆಗಳನ್ನು ಹಾಕಿ, 1989ರಲ್ಲಿ ಮತ್ತೆ ತೆರೆದರು.

ಈಗ ಪಟ್ಟಿಗಳನ್ನು ಕತ್ತರಿಸಿ. 20 ಸೆಂಟಿಮೀಟರ್ ಉದ್ದದ 80 ತುಂಡುಗಳು ಎರಡು ಪಕ್ಕಕ್ಕೂ ಸಾಕು. ತುದಿಗಳಲ್ಲಿ ಬರುವ ಮೋಟು ಹಲಗೆಗಳನ್ನು ಜೋಡಿಸುವಾಗ ಕತ್ತರಿಸಿಕೊಳ್ಳಿ. ಎಲ್ಲವೂ ಒಂದೇ ಅಳತೆಗೆ ಬರುವಂತೆ ಮೊಳೆ ಹೊಡೆದ ಅಡ್ಡಪಟ್ಟಿಗೆ ಆನಿಸಿಟ್ಟು ಕತ್ತರಿಸಿದರೆ ಕೆಲಸ ಬೇಗ ಸಾಗುತ್ತದೆ. ನೂರು ಸಲ ಅಳೆಯುವ ಬದಲು ಒಂದೇ ಸಲ ಅಳೆ ಎಂದು ಅಪ್ಪ ಹೇಳುತ್ತಿದ್ದದ್ದು ಇದನ್ನೇ.

ನಂತರದ ಕೆಲಸ ಅಂಚುಪಟ್ಟಿಗಳದು. ಜಾಲರಿಯ ಕೆಳ ಅಂಚಿನಲ್ಲೂ ಮೇಲಂಚಿನಲ್ಲೂ ಉದ್ದಕ್ಕೆ ಓಡುವ ಹಲಗೆಗಳಿವು. ಭಾರ ಬಿದ್ದಾಗ ಮೇಲಿನವು ಒತ್ತಿಸಿಕೊಳ್ಳುತ್ತವೆ, ಕೆಳಗಿನವು ಎಳೆಸಿಕೊಳ್ಳುತ್ತವೆ. ಒತ್ತುವ ಮರಕ್ಕೆ ತುಂಡುಗಳು ಸೇರುವ ಜಾಗ ಅಷ್ಟಾಗಿ ಬಾಧಿಸದು. ಒಂದಕ್ಕೊಂದು ತಲೆಕೊಟ್ಟು ನಿಲ್ಲುತ್ತವೆ. ಎಳೆಯುವ ಮರದಲ್ಲಿ ಮಾತ್ರ ಆ ಸಂದು ಸೇತುವೆಯ ಪ್ರಾಣಕ್ಕೇ ಕುತ್ತು. ಅದಕ್ಕಾಗಿಯೇ ಟೌನ್‌ನ ವಿಧಾನದಲ್ಲಿ ಜಾಲರಿಯ ಒಳಗೆ ಎರಡು, ಹೊರಗೆ ಎರಡು, ಒಟ್ಟು ನಾಲ್ಕು ಪದರ ಹಲಗೆ. ನಾಲ್ಕರ ಸಂದೂ ಬೇರೆ ಬೇರೆ ಕಡೆ.

ನನ್ನ ಮೊದಲ ಮಾದರಿ ಮುರಿದದ್ದು ಇಲ್ಲಿಯೇ. ಆತುರದಲ್ಲಿ ನಾಲ್ಕೂ ಪದರಗಳ ಸಂದು ನಡುಮಧ್ಯಕ್ಕೇ ಬರುವಂತೆ ಜೋಡಿಸಿದ್ದೆ. ಒಂದು ಡಬ್ಬಿ ಬೇಳೆ ಇಟ್ಟಾಗಲೇ ಕೆಳ ಅಂಚು ಬಾಯಿ ಬಿಟ್ಟಿತು. ಜಾಲರಿಯ ಒಂದೇ ಒಂದು ಹಲಗೆಯೂ ಮುರಿದಿರಲಿಲ್ಲ. ಗೂಟಗಳೂ ನೆಟ್ಟಗಿದ್ದವು. ಸಂದು ಮಾತ್ರ ತೆರೆದುಕೊಂಡಿತ್ತು. ಹೀಗಾಗಿ ನಿಯಮ ಇದು: 16 ಸೆಂಟಿಮೀಟರಿನ ತುಂಡುಗಳನ್ನು ಬಳಸಿ, ಪ್ರತಿ ಪದರದ ಸಂದೂ ಹಿಂದಿನ ಪದರದ ಸಂದಿನಿಂದ 4 ಸೆಂಟಿಮೀಟರ್ ಆಚೆಗೆ ಬರಲಿ. ಆಗ ಯಾವ ಜಾಗ ನೋಡಿದರೂ ನಾಲ್ಕರಲ್ಲಿ ಮೂರು ಹಲಗೆ ಅಖಂಡವಾಗಿರುತ್ತವೆ. ಸಂದು ಗೂಟದ ಮೇಲೂ ಬೀಳಬಾರದು, ಎರಡು ಗೂಟಗಳ ನಡುವೆ ಬೀಳಬೇಕು.

ಕೆಳ ಅಂಚಿನಲ್ಲಿ ಒಂದು ಸಾಲು, ಅದರ ಮೇಲಿನ ದಾಟುಸಾಲಿನಲ್ಲಿ ಇನ್ನೊಂದು. ಮೇಲಂಚಿನಲ್ಲೂ ಹಾಗೆಯೇ ಎರಡು. ಜೋಡಿಸುವಾಗ ನಕ್ಷೆಯ ಮೇಲೆ ಮೊದಲು ಒಳಗಿನ ಎರಡು ಪದರ ಅಂಚುಪಟ್ಟಿ, ಆಮೇಲೆ ಬಲಕ್ಕೆ ಓರೆಯಾದ ಹಲಗೆಗಳು, ಅವುಗಳ ಮೇಲೆ ಎಡಕ್ಕೆ ಓರೆಯಾದವು, ಕೊನೆಗೆ ಹೊರಗಿನ ಎರಡು ಪದರ. ಎಲ್ಲವೂ ಜಾಗದಲ್ಲಿ ನಿಲ್ಲುವಂತೆ ಸುತ್ತ ಸಣ್ಣ ಮೊಳೆ ಹೊಡೆದುಕೊಳ್ಳಿ.

ತೂತು ಕೊರೆಯುವುದಕ್ಕೆ ಒಂದು ಪೂರ್ತಿ ದಿನ ಬೇಕು. ಜಾಲರಿಯ ದಾಟಿಗೆ ಒಂದೊಂದು ಗೂಟ, ಅಂಚುಪಟ್ಟಿ ಇರುವ ದಾಟಿಗೆ ಎರಡೆರಡು. ಎರಡು ತೂತುಗಳನ್ನು ಅಂಚುಪಟ್ಟಿಯ ನಾರಿನ ಗೆರೆಯ ಮೇಲೂ ಕೊರೆಯಬೇಡಿ, ಓರೆಹಲಗೆಯ ನಾರಿನ ಗೆರೆಯ ಮೇಲೂ ಕೊರೆಯಬೇಡಿ. ಇವೆರಡರ ನಡುವಿನ ಓರೆಯಲ್ಲಿ ಇರಲಿ. ಒಂದೇ ನಾರಿನ ಮೇಲೆ ಎರಡು ತೂತು ಬಿದ್ದರೆ ಗೂಟ ಬಡಿಯುವಾಗ ಹಲಗೆ ಉದ್ದಕ್ಕೆ ಸೀಳುತ್ತದೆ. ಡ್ರಿಲ್ ನೆಟ್ಟಗೆ ನಿಲ್ಲಬೇಕು. ಅಪ್ಪನ ಬೈರಿಗೆ ಈಗ ನನ್ನ ಹತ್ತಿರವೇ ಇದೆ. ಇಷ್ಟು ಸಣ್ಣ ಕೆಲಸಕ್ಕೆ ಅದು ಬರುವುದಿಲ್ಲವಾದರೂ ಅದರ ಹಿಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನಾನು ನೇರ ನೋಡಿಕೊಂಡೆ. ಗೂಟವನ್ನು ಮೆಲ್ಲಗೆ ಬಡಿಯಿರಿ, ಸದ್ದು ಕೇಳುತ್ತಿರಿ. ಸಡಿಲ ಗೂಟ ಟೊಳ್ಳು ಸದ್ದು ಕೊಡುತ್ತದೆ. ಬಿಗಿಯಾದದ್ದು ಕೊನೆಯ ಏಟಿಗೆ ಸದ್ದು ಬದಲಿಸಿ ಟಕ್ ಎನ್ನುತ್ತದೆ. ನನ್ನ ಮಗಳು ಐವತ್ತನೆಯ ಗೂಟದ ಹೊತ್ತಿಗೆ ಕಣ್ಣು ಮುಚ್ಚಿಯೇ ವ್ಯತ್ಯಾಸ ಹೇಳುತ್ತಿದ್ದಳು.

ಎರಡೂ ಪಕ್ಕ ಮುಗಿದ ಮೇಲೆ 15 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ. ಕೆಳ ಅಂಚಿನ ಮೇಲೆ ನಾಲ್ಕು ಸೆಂಟಿಮೀಟರಿಗೆ ಒಂದರಂತೆ ಅಡ್ಡತೊಲೆ, ಅವುಗಳ ಮೇಲೆ ಉದ್ದಕ್ಕೆ ನೆಲದ ಹಲಗೆ. ಮೇಲಂಚುಗಳ ನಡುವೆ ಅಡ್ಡತೊಲೆಗಳನ್ನು ಕೂರಿಸಿ, ಅವುಗಳ ನಡುವೆ ಗುಣಿಸು ಚಿಹ್ನೆಯ ಆಕಾರದಲ್ಲಿ ಸಣ್ಣ ಪಟ್ಟಿಗಳನ್ನು ಬಿಗಿಯಿರಿ. ಇವು ಭಾರಕ್ಕಲ್ಲ, ಗಾಳಿಗೆ. ಮುಚ್ಚಿದ ಸೇತುವೆ ಎಂದರೆ ನದಿಯ ನಡುವೆ ನಿಂತ ದೊಡ್ಡ ಗೋಡೆ. ಗಾಳಿ ಪಕ್ಕದಿಂದ ತಳ್ಳಿದಾಗ ಪೆಟ್ಟಿಗೆಯಂತೆ ಓರೆಯಾಗಿ ಮಡಚಿಕೊಳ್ಳದಂತೆ ಇವು ತಡೆಯುತ್ತವೆ. ಅಡ್ಡತೊಲೆಯೂ ಜಾಲರಿಯೂ ಕೂಡುವ ಮೂಲೆಗೆ ಓರೆ ಊರುಗೋಲು ಕೊಡುವುದನ್ನು ಮರೆಯಬೇಡಿ.

ಈಗ ಪರೀಕ್ಷೆ. ಎರಡು ಮೇಜುಗಳ ನಡುವೆ 60 ಸೆಂಟಿಮೀಟರ್ ಬಿಟ್ಟು ಸೇತುವೆ ಇಡಿ. ನಡುವೆ ಕೆಳಗೊಂದು ಅಳತೆಪಟ್ಟಿ ನಿಲ್ಲಿಸಿ ಎತ್ತರ ಬರೆದುಕೊಳ್ಳಿ. ನಾನು ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ನೆಲದ ಮೇಲೆ ಮಲಗಿಸಿದೆ. ಮೊದಲಿಗೆ ಸಣ್ಣಗೆ ಕಿರಕಿರ ಎನ್ನುವ ಸದ್ದು ಬಂತು. ಹೆದರಬೇಡಿ, ಗೂಟಗಳು ಕೂರುವ ಸದ್ದು ಅದು. ಎರಡು ಮಿಲಿಮೀಟರ್ ಇಳಿದು ನಿಂತಿತು. ಚೀಲ ತೆಗೆದಾಗ ಒಂದು ಮಿಲಿಮೀಟರ್ ಮೇಲಕ್ಕೆ ಬಂತು, ಇನ್ನೊಂದು ಬರಲಿಲ್ಲ. ಬಾರದೆ ಉಳಿದ ಆ ಒಂದು ಮಿಲಿಮೀಟರಿಗಾಗಿಯೇ ನಾವು ಉಬ್ಬು ಕೊಟ್ಟದ್ದು.

ಸೂರಿಗೆ ನಾಲ್ಕು ಸೆಂಟಿಮೀಟರಿಗೊಂದು ಪಕಾಸಿ, ಅವುಗಳ ಮೇಲೆ ರೀಪು, ಮೇಲೆ ತೆಳು ಮರದ ಹೊದಿಕೆ. ಇಲ್ಲಿ ಗೋಂದು ಬಳಸಬಹುದು. ಜಾಲರಿಯಿಂದ ಎರಡು ಸೆಂಟಿಮೀಟರ್ ಆಚೆಗೆ ಸೂರಂಚು ಚಾಚಿಕೊಂಡಿರಲಿ, ಎರಡು ಬಾಗಿಲುಗಳ ಮುಂದೆ ಇನ್ನೂ ತುಸು ಹೆಚ್ಚು. ಬಾಗಿಲಿನ ಬಳಿಯೇ ಎರಚಲು ಒಳಗೆ ಬರುವುದು, ಮರ ಮೊದಲು ಕೆಡುವುದೂ ಅಲ್ಲಿಯೇ. ಕಾರ್ನಿಶ್‌ನ ಬಾಗಿಲ ಮೇಲೆ ಹಳೆಯ ಫಲಕವೊಂದಿದೆ: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕೊಡಿ. ಕುದುರೆಗಳು ಒಂದೇ ತಾಳದಲ್ಲಿ ಓಡಿದರೆ ಸೇತುವೆ ಆ ತಾಳಕ್ಕೆ ತೂಗತೊಡಗುತ್ತದೆ ಎಂಬ ಭಯ. ಮಗಳು ಅದನ್ನು ಕನ್ನಡದಲ್ಲಿ ಬರೆದು ನಮ್ಮ ಸೇತುವೆಯ ನೆತ್ತಿಗೆ ಅಂಟಿಸಿದ್ದಾಳೆ.

ಸೂರು ಏಕೆ ಎಂಬುದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಇನ್ನೊಂದು ಕೆಲಸ ಮಾಡಿ. ಉಳಿದ ಪಟ್ಟಿಗಳಿಂದ ಅಂಗೈ ಅಗಲದ ಎರಡು ಜಾಲರಿ ತುಂಡು ಕಟ್ಟಿ, ಒಂದನ್ನು ಬಯಲಿನಲ್ಲಿಡಿ, ಇನ್ನೊಂದನ್ನು ಸೂರಿನ ಕೆಳಗೆ ತೂಗುಹಾಕಿ. ನಾನು ಎರಡು ಚಳಿಗಾಲ ಬಿಟ್ಟು ನೋಡಿದೆ. ಬಯಲಿನದು ಮೇಲಿನಿಂದ ಬೂದು ಬಣ್ಣಕ್ಕೆ ತಿರುಗಿದ್ದರೂ ಗಟ್ಟಿಯಾಗಿಯೇ ಇತ್ತು. ಗೂಟ ಕಿತ್ತಾಗ ತಿಳಿಯಿತು: ಎರಡು ಹಲಗೆ ಮುಖಾಮುಖಿಯಾಗುವ ಬೆರಳುಗುರಿನಷ್ಟು ಚೌಕ ಕಪ್ಪಗಾಗಿ, ಉಗುರಿನಿಂದ ಕೆರೆದರೆ ನಾರು ನಾರಾಗಿ ಏಳುತ್ತಿತ್ತು. ಗೂಟದ ನಡು ಸೊಂಟ ತೆಳ್ಳಗಾಗಿತ್ತು. ಸೂರಿನ ಕೆಳಗಿನ ತುಂಡಿನಲ್ಲಿ ಅದೇ ಚೌಕ ಕತ್ತರಿಸಿದ ದಿನದಂತೆ ಹಳದಿಯಾಗಿತ್ತು, ಪೈನ್ ವಾಸನೆ ಇನ್ನೂ ಇತ್ತು.

ಸೂರು ಎಲ್ಲದಕ್ಕೂ ರಕ್ಷೆಯಲ್ಲ. ವರ್ಮಾಂಟ್‌ನ ಬಾರ್ಟನ್ಸ್‌ವಿಲ್‌ನಲ್ಲಿ ಸ್ಯಾನ್‌ಫರ್ಡ್ ಗ್ರ್ಯಾಂಜರ್ 1870ರಲ್ಲಿ ಕಟ್ಟಿದ್ದ ಟೌನ್ ಜಾಲರಿ ಸೇತುವೆ 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆಗೆ ವಿಲಿಯಮ್ಸ್ ನದಿಯಲ್ಲಿ ಕೊಚ್ಚಿಹೋಯಿತು. ನೀರು ಕಿತ್ತದ್ದು ದಡಗಟ್ಟೆಯ ಕಾಲನ್ನು. ಊರಿನವರು ಕಾಂಕ್ರೀಟಿಗೆ ಹೋಗಲಿಲ್ಲ. ಅದೇ ಜಾಗದಲ್ಲಿ ಅದೇ ಜಾಲರಿಯ ಮರದ ಸೇತುವೆ ಕಟ್ಟಿ 2013ರ ಜನವರಿಯಲ್ಲಿ ತೆರೆದರು. ಆದ್ದರಿಂದ ನಿಮ್ಮ ಮಾದರಿಯನ್ನೂ ಗಟ್ಟಿ ಕಟ್ಟೆಯ ಮೇಲೆ ಕೂರಿಸಿ. ನಾನು ಎರಡು ಚಪ್ಪಡಿ ಕಲ್ಲು ಬಳಸಿದೆ. ಮರವೂ ಕಲ್ಲೂ ತಾಗುವಲ್ಲಿ ಗಟ್ಟಿ ಮರದ ತುಂಡೊಂದನ್ನು ಇಟ್ಟರೆ, ಮುಂದೆ ಒದ್ದೆಯಾಗಿ ಕೆಟ್ಟರೂ ಅದನ್ನಷ್ಟೇ ಬದಲಿಸಬಹುದು.

ಕೊನೆಗೆ ಪಕ್ಕದ ಹೊದಿಕೆ ಹಲಗೆಗಳು. ನೆಟ್ಟಗೆ ನಿಲ್ಲಿಸಿ ಹೊಡೆಯಿರಿ, ಮೇಲೆ ಸೂರಂಚಿನ ಕೆಳಗೆ ಒಂದು ಸೆಂಟಿಮೀಟರ್ ಗಾಳಿ ಆಡಲು ಬಿಡಿ. ಪ್ರತಿ ಪಕ್ಕದಲ್ಲೂ ಬಾಗಿಲಿನ ಹತ್ತಿರದ ಒಂದು ಹಲಗೆಗೆ ಮೊಳೆ ಬೇಡ, ಸಣ್ಣ ಸ್ಕ್ರೂ ಹಾಕಿ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಒಳಗೆ ಕೈ ಹಾಕಿ, ಕೆಳ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.